ರಾಡ್ ಇಲ್ಲದ ಪ್ಲೇಟುಗಳು: 35 ಕಿಲೋ ಕಬ್ಬಿಣದಿಂದ ಮನೆಯಲ್ಲೇ ಏನೆಲ್ಲ ಮಾಡಬಹುದು?

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ತಮ್ಮ ಬೇರೆ ಊರಿಗೆ ಹೋಗುವಾಗ ತನ್ನ ವೇಟ್ ಪ್ಲೇಟುಗಳನ್ನು ನಮ್ಮಲ್ಲೇ ಬಿಟ್ಟು ಹೋದ. 10 ಕಿಲೋದವು ಎರಡು, 5 ಕಿಲೋದವು ಎರಡು, ಎರಡೂವರೆ ಕಿಲೋದವು ಎರಡು. ರಾಡೂ ಇಲ್ಲ, ಬೆಂಚೂ ಇಲ್ಲ. ಜಿಮ್‌ಗೆ ಹೋಗಿಬರುವಷ್ಟು ಹೊತ್ತು ನನಗೆ ಸಿಗುವುದಿಲ್ಲ. ಬರೀ ಪ್ಲೇಟ್ ಹಿಡಿದು ವ್ಯಾಯಾಮ ಮಾಡಿದರೆ ಪ್ರಯೋಜನ ಇದೆಯೇ, ರಾಡ್ ಕೊಳ್ಳಲೇಬೇಕೇ? ನಲ್ಲಿ ಪೈಪ್ ತೂರಿಸಿದರೆ ಆಯಿತಲ್ಲ ಎನ್ನುತ್ತಾರೆ ಮನೆಯವರು. ಹೆಂಗಸರು ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಎಂದು ಅತ್ತೆ ಹೆದರಿಸುತ್ತಾರೆ. ಅವರಿಗೆ 68. ಅವರೂ ಏನಾದರೂ ಮಾಡಬಹುದೇ?

ಉತ್ತರ: ಸದ್ಯಕ್ಕೆ ರಾಡ್ ಬೇಡ. ಆರು ತಿಂಗಳು ಈ ಆರು ಪ್ಲೇಟುಗಳ ಜೊತೆ ಬಿಡದೆ ಕೆಲಸ ಮಾಡಿ, ಆಮೇಲೆ ಯೋಚಿಸೋಣ. ದುಡ್ಡು ಉಳಿಯಲಿ ಎಂದು ಹೇಳುತ್ತಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಭಾರವನ್ನು ಮೈಗೆ ಅಪ್ಪಿಕೊಂಡು ಕಲಿಯುವುದು ಸುಲಭ, ಬೆನ್ನಿಗೂ ಕ್ಷೇಮ. ಇಷ್ಟು ವರ್ಷ ಕಲಿಸಿದ ಮೇಲೆ ನನಗೆ ಇದು ಖಚಿತವಾಗಿದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿರುತ್ತೀರಿ. ಆ ಕಲ್ಲಿಗೆ ಹಿಡಿಕೆ ಇರುವುದಿಲ್ಲ. ಉತ್ತರ ಭಾರತದ ಅಖಾಡಗಳಲ್ಲಿ ಗರ್ ನಾಲ್ ಎಂಬ ಕಲ್ಲಿನ ಬಳೆ ಇದೆ. ಪೈಲ್ವಾನರು ಅದನ್ನು ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುತ್ತಾರೆ. ನಡುವೆ ತೂತಿರುವ ದುಂಡನೆಯ ಭಾರ ಎಂದರೆ ನಿಮ್ಮ ಪ್ಲೇಟೇ ತಾನೇ?

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂವರೆ ಕಿಲೋ ಪ್ಲೇಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ಮೂವತ್ತು ಎಣಿಸಿ. ಏನೂ ಅನಿಸುವುದಿಲ್ಲ. ಈಗ ಅದನ್ನೇ ಮೊಣಕೈ ನೇರವಾಗುವಷ್ಟು ಮುಂದಕ್ಕೆ ಚಾಚಿ, ಭುಜದ ಮಟ್ಟದಲ್ಲಿ ನಿಲ್ಲಿಸಿ ಮೂವತ್ತು ಎಣಿಸಿ. ಇಪ್ಪತ್ತು ದಾಟುವಷ್ಟರಲ್ಲಿ ಭುಜ ಉರಿಯತೊಡಗುತ್ತದೆ. ಕಬ್ಬಿಣ ಅದೇ, ಬದಲಾದದ್ದು ದೂರ. ಭುಜದಿಂದ 20 ಸೆಂ.ಮೀ. ಆಚೆ ಇದ್ದದ್ದು 60 ಸೆಂ.ಮೀ. ಆಚೆ ಹೋದರೆ ಭುಜದ ಕೀಲಿನ ಮೇಲೆ ಬೀಳುವ ತಿರುಗುಬಲ ಮೂರು ಪಟ್ಟಾಗುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡೇ ಏಕೆ ನಡೆಯುತ್ತೇವೆ, ಕೈಚಾಚಿ ಏಕೆ ಹಿಡಿಯುವುದಿಲ್ಲ ಎಂಬುದು ನಿಮಗೆ ಯಾರೂ ಕಲಿಸಿದ್ದಲ್ಲ.

ಕಡಿಮೆ ಸಾಮಾನಿನಲ್ಲಿ ಕಸರತ್ತು ಮಾಡುವವರು ಹಿಡಿದುಕೊಳ್ಳಬೇಕಾದ ಸೂತ್ರ ಇದೊಂದೇ. ಭುಜಕ್ಕೆ ಕೆಲಸ ಕೊಡಬೇಕಾದಾಗ ಚಿಕ್ಕ ಪ್ಲೇಟನ್ನು ದೂರ ಒಯ್ಯಿರಿ. ಕಾಲಿಗೂ ಪೃಷ್ಠಕ್ಕೂ ಕೊಡಬೇಕಾದಾಗ ದೊಡ್ಡ ಪ್ಲೇಟನ್ನು ಮೈಗೆ ಅಂಟಿಸಿಕೊಳ್ಳಿ. 35 ಕಿಲೋದಲ್ಲಿ ನೀವು ನೂರು ಬಗೆಯ ಭಾರ ಸೃಷ್ಟಿಸಬಹುದು.

ಶುರು ಮಾಡುವ ಮುನ್ನ ಪ್ಲೇಟುಗಳನ್ನು ಚೆನ್ನಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಬೀಡು ಕಬ್ಬಿಣದವಾದರೆ ತೂತಿನ ಒಳ ಅಂಚಿನ ಮೇಲೆ ಬೆರಳಾಡಿಸಿ. ಎಷ್ಟೋ ಪ್ಲೇಟುಗಳಲ್ಲಿ ಅಲ್ಲಿ ಎರಕದ ಗರಗಸದಂಥ ಏಣು ಉಳಿದಿರುತ್ತದೆ. ಮರಳು ಕಾಗದದಲ್ಲಿ ಹತ್ತು ನಿಮಿಷ ಉಜ್ಜಿದರೆ ಹೋಗುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಹೊಸಬನಾಗಿದ್ದಾಗ 10 ಕಿಲೋ ಪ್ಲೇಟಿಗೆ ನೈಲಾನ್ ಹಗ್ಗ ಕಟ್ಟಿ ಎಳೆಯುತ್ತಿದ್ದೆ. ಆ ಏಣು ದಿನಾ ಒಂದೊಂದು ಎಳೆ ಕೊಯ್ಯುತ್ತಿದ್ದದ್ದು ನನ್ನ ಗಮನಕ್ಕೇ ಬರಲಿಲ್ಲ. ಮೂರನೇ ವಾರ ಹಗ್ಗ ತುಂಡಾಗಿ ಪ್ಲೇಟ್ ನನ್ನ ಹೆಬ್ಬೆರಳಿನಿಂದ ನಾಲ್ಕು ಬೆರಳು ಆಚೆ ಬಿತ್ತು. ಮೊಸಾಯಿಕ್ ನೆಲದಲ್ಲಿ ಬಿದ್ದ ಗುಳಿ ಈಗಲೂ ಇದೆ. ನಿಮ್ಮವು ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ಅಥವಾ ಮರಳು ತುಂಬಿದವಾದರೆ ಹೊಲಿಗೆಯ ಜಾಗದಲ್ಲಿ ಬಿರುಕಿದೆಯೇ ನೋಡಿ, ಪುಡಿ ಉದುರುತ್ತಿದ್ದರೆ ತಲೆಯ ಮೇಲೆ ಎತ್ತಲು ಬಳಸಬೇಡಿ. ಒಮ್ಮೆ ಕಿರಾಣಿ ಅಂಗಡಿಯ ಯಂತ್ರದಲ್ಲಿ ತೂಗಿಸಿ. ಅಗ್ಗದ ಪ್ಲೇಟುಗಳಲ್ಲಿ ಬರೆದ ತೂಕವೇ ಬೇರೆ, ಇರುವ ತೂಕವೇ ಬೇರೆ. ನಿಜವಾದ ತೂಕವನ್ನು ಪ್ಲೇಟಿನ ಮೇಲೇ ಪೇಂಟ್‌ನಲ್ಲಿ ಬರೆದಿಡಿ.

ಈಗ ವ್ಯಾಯಾಮಕ್ಕೆ ಬರೋಣ. ಬಸ್ಕಿಯಿಂದ ಶುರು ಮಾಡಿ. 5 ಕಿಲೋ ಪ್ಲೇಟನ್ನು ಎದೆಗಪ್ಪಿ, ಹಿಂದೆ ಒಂದು ಸ್ಟೂಲ್ ಇಟ್ಟುಕೊಂಡು, ಅದರ ಮೇಲೆ ಕೂರುವವರಂತೆ ಇಳಿದು ಏಳಿ. ಭಾರ ಮುಂದಿದ್ದರೆ ಹಿಂದಕ್ಕೆ ಬೀಳುವ ಭಯ ಹೋಗುತ್ತದೆ. ಬರಿಗೈ ಬಸ್ಕಿಗಿಂತ ಭಾರ ಹಿಡಿದ ಬಸ್ಕಿಯೇ ಸಲೀಸು ಎಂದು ಹಲವರು ಅಚ್ಚರಿಪಡುತ್ತಾರೆ. ಹಿಮ್ಮಡಿ ನೆಲ ಬಿಟ್ಟೇಳುತ್ತಿದ್ದರೆ ಎರಡೂವರೆ ಕಿಲೋದ ಎರಡು ಪ್ಲೇಟುಗಳನ್ನು ಗೋಣಿಚೀಲದ ಮೇಲೆ ಇಟ್ಟು ಅವುಗಳ ಮೇಲೆ ಹಿಮ್ಮಡಿ ಊರಿ. ಕಣಕಾಲಿನ ಬಿಗಿತ ಇರುವವರಿಗೆ ಆ ಎರಡು ಸೆಂ.ಮೀ. ಎತ್ತರ ದೊಡ್ಡ ಉಪಕಾರ. ಎರಡು ತಿಂಗಳಲ್ಲಿ 10 ಕಿಲೋ ಹಗುರವೆನಿಸುತ್ತದೆ. ಆಗ 10 ಕಿಲೋದ ಎರಡನ್ನೂ ಟವೆಲಿನಲ್ಲಿ ಸುತ್ತಿ ಮಕ್ಕಳ ಸ್ಕೂಲ್ ಬ್ಯಾಗಿಗೆ ಹಾಕಿ, ಬ್ಯಾಗನ್ನು ಎದೆಯ ಕಡೆ ತೊಟ್ಟುಕೊಳ್ಳಿ. ಅದೂ ಹಗುರವಾದರೆ ಒಂದು ಕಾಲನ್ನು ಹಿಂದಿನ ಮಂಚದ ಮೇಲಿಟ್ಟು ಒಂಟಿಕಾಲಿನ ಬಸ್ಕಿ. ಅಲ್ಲಿಗೆ ಬಂದವರಿಗೆ 35 ಕಿಲೋ ಖಾಲಿ ಮಾಡಲು ಬಹಳ ಕಾಲ ಬೇಕು.

ಪೃಷ್ಠ ಮತ್ತು ತೊಡೆಯ ಹಿಂಭಾಗಕ್ಕೆ ಮಂಚವೇ ಸಾಕು. ನೆಲದಲ್ಲಿ ಕೂತು ಮಂಚದ ಅಂಚಿಗೆ ಬೆನ್ನ ಮೇಲ್ಭಾಗ ಆನಿಸಿ, ತೊಡೆಸಂದಿಯ ಮೇಲೆ ದಪ್ಪ ಟವೆಲ್ ಮಡಿಸಿಟ್ಟು, ಅದರ ಮೇಲೆ ಪ್ಲೇಟ್. ಎರಡೂ ಕೈಯಲ್ಲಿ ಪ್ಲೇಟ್ ಹಿಡಿದು ಸೊಂಟ ಎತ್ತಿ, ಮೇಲೆ ಒಂದು ಕ್ಷಣ ನಿಲ್ಲಿ, ಇಳಿಸಿ. ಮಂಚ ಗೋಡೆಗೆ ತಾಗಿರಲಿ, ಜಾರಬಾರದು. ಸಾಮಾನ್ಯ ಆರೋಗ್ಯದ ಹೆಂಗಸರಿಗೆ 20 ಕಿಲೋ ಈ ವ್ಯಾಯಾಮದಲ್ಲಿ ಬೇಗ ಕೈಗೆಟುಕುತ್ತದೆ.

ನೆಲದಿಂದ ಎತ್ತುವುದರ ಬಗ್ಗೆ ಎಚ್ಚರಿಕೆಯ ಒಂದು ಮಾತು. ವೇಟ್‌ಲಿಫ್ಟಿಂಗ್ ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 450 ಮಿ.ಮೀ., ಹಾಗಾಗಿ ಅಲ್ಲಿ ರಾಡ್ ನೆಲದಿಂದ 225 ಮಿ.ಮೀ. ಎತ್ತರದಲ್ಲಿರುತ್ತದೆ. ನಿಮ್ಮ ಪ್ಲೇಟನ್ನು ಮಲಗಿಸಿಟ್ಟರೆ ನೆಲದಿಂದ ಮೂರು-ನಾಲ್ಕು ಬೆರಳು ಎತ್ತರವೂ ಇರುವುದಿಲ್ಲ. ಅದನ್ನು ಎತ್ತಲು ಬೆನ್ನು ಬಿಲ್ಲಾಗಿಸಿ ಬಗ್ಗಬೇಕು. ಹಾಗಾಗಿ ಪ್ಲೇಟುಗಳ ಜಾಗ ನೆಲ ಅಲ್ಲ, ಮೊಣಕಾಲೆತ್ತರದ ಗಟ್ಟಿ ಸ್ಟೂಲ್. ಅಲ್ಲಿಂದ ತೆಗೆಯಿರಿ, ಅಲ್ಲೇ ಇಡಿ.

ಮನೆಯಲ್ಲಿ ಸಿಗದೇ ಹೋಗುವ ಕೆಲಸ ಎಂದರೆ ಎಳೆತ. ತಳ್ಳುವ ವ್ಯಾಯಾಮಕ್ಕೆ ನೆಲ ಇದೆ, ಗೋಡೆ ಇದೆ. ಬೆನ್ನ ಮೇಲ್ಭಾಗಕ್ಕೆ ಏನಾದರೂ ಎಳೆಯಲೇಬೇಕು, ಅದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ನಿಮ್ಮ ಪ್ಲೇಟುಗಳಲ್ಲಿ ಕೈ ತೂರಿಸುವ ಕಿಂಡಿಗಳಿದ್ದರೆ ನೀವು ಅದೃಷ್ಟವಂತರು. ಇಲ್ಲದಿದ್ದರೆ ಒಂದು ತೆಳ್ಳನೆಯ, ಗಟ್ಟಿ ನೇಯ್ಗೆಯ ಹತ್ತಿ ಪಂಚೆ ತನ್ನಿ. ದಪ್ಪ ಟವೆಲ್ ಆ ತೂತಿನಲ್ಲಿ ಹೋಗುವುದಿಲ್ಲ. ಪಂಚೆಯನ್ನು ಮಡಿಸದೆ ಉದ್ದಕ್ಕೆ ಹೊಸೆದು, ತುದಿಯನ್ನು ಸ್ವಲ್ಪ ಒದ್ದೆ ಮಾಡಿ ತೂತಿನಲ್ಲಿ ತೂರಿಸಿ, ಅರ್ಧದವರೆಗೆ ಎಳೆದುಕೊಳ್ಳಿ. ಈಗ ಎರಡೂ ತುದಿಗಳನ್ನು ಸೇರಿಸಿ ಪ್ಲೇಟಿಗೆ ಒಂದು ಗೇಣು ಮೇಲೆ ಅಂಗೈಗೆ ಒಂದು ಸುತ್ತು ಸುತ್ತಿ ಮುಷ್ಟಿ ಹಿಡಿಯಿರಿ. ಗಂಟು ಹಾಕಬೇಡಿ. ಗಂಟು ಹಾಕಿದರೆ ಅದು ಜಾರಬಹುದೋ ಎಂದು ಪ್ರತಿ ಸಲ ನೋಡುತ್ತಿರಬೇಕು, ಮುಷ್ಟಿಯಾದರೆ ಸಡಿಲಾಗುತ್ತಿರುವುದು ನಿಮಗೇ ತಿಳಿಯುತ್ತದೆ. ಇನ್ನೊಂದು ಕೈಯನ್ನು ಕುರ್ಚಿಯ ಮೇಲೆ ಊರಿ, ಬೆನ್ನು ಮಟ್ಟಸ ಮಾಡಿ, ಬಾವಿಯಿಂದ ನೀರು ಸೇದುವ ಹಾಗೆ ಮೊಣಕೈಯನ್ನು ಸೊಂಟದ ಕಡೆ ಎಳೆಯಿರಿ. 5 ಕಿಲೋದಿಂದ ಶುರು. ಮುಂದೆ 10 ಮತ್ತು 5ನ್ನು ಒಟ್ಟಿಗೆ ಸೇರಿಸಿ ಎರಡರ ತೂತಿನಲ್ಲೂ ಪಂಚೆ ತೂರಿಸಿದರೆ 15. ಇದೇ ಪಂಚೆಯ ಜೋಳಿಗೆಯನ್ನು ಒಂದು ಕೈಯಲ್ಲಿ ತೂಗುಬಿಟ್ಟು ಹಾಲ್‌ನಲ್ಲಿ ನೆಟ್ಟಗೆ ನಡೆದಾಡಿ. ಪಕ್ಕೆಯ ಸ್ನಾಯುಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ವಾರಕ್ಕೊಮ್ಮೆ ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಬಿಟ್ಟಿದ್ದರೆ ಒರೆಸುವ ಬಟ್ಟೆಗೆ ಹಾಕಿ.

ತಳ್ಳುವುದಕ್ಕೆ ನೆಲದಲ್ಲಿ ಅಂಗಾತ ಮಲಗಿ, 5 ಕಿಲೋ ಪ್ಲೇಟನ್ನು ಎರಡೂ ಅಂಗೈಗಳ ನಡುವೆ ಅದುಮಿ ಹಿಡಿದು ಎದೆಯಿಂದ ಮೇಲಕ್ಕೆ ತಳ್ಳಿ. ಬೆಂಚ್ ಬೇಕಿಲ್ಲ. ಮೊಣಕೈ ನೆಲಕ್ಕೆ ತಾಗಿದೊಡನೆ ಅಲ್ಲಿಗೇ ನಿಲ್ಲುವುದರಿಂದ ಭುಜಕ್ಕೂ ಹಿತ. ಗೋಡೆಗೆ, ಆಮೇಲೆ ಮೇಜಿಗೆ, ಆಮೇಲೆ ನೆಲಕ್ಕೆ ದಂಡ ಹೊಡೆಯುವುದನ್ನೂ ರೂಢಿಸಿಕೊಳ್ಳಿ. ತಲೆಯ ಮೇಲೆತ್ತುವಾಗ ಎರಡೂವರೆಯಿಂದ ಆರಂಭಿಸಿ, ಫ್ಯಾನ್ ನಿಲ್ಲಿಸಿ. ಪ್ಲೇಟ್ ಹಿಡಿದು ಕೂತು ಸೊಂಟವನ್ನು ಆಚೀಚೆ ರಭಸವಾಗಿ ತಿರುಗಿಸುವ ವ್ಯಾಯಾಮ ವಿಡಿಯೊಗಳಲ್ಲಿ ಬಹಳ ಕಾಣುತ್ತದೆ. ನಲವತ್ತು ದಾಟಿದವರಿಗೆ ನಾನು ಅದನ್ನು ಹೇಳಿಕೊಡುವುದಿಲ್ಲ.

ಪೈಪಿನ ಪ್ರಶ್ನೆ. ನಿಮ್ಮ ಮನೆಯವರ ಮಾತು ಅರ್ಧ ಸರಿ. ಜಿಐ ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ನಲ್ಲಿ ಪೈಪನ್ನು, ಅಂಗಡಿಯಲ್ಲಿ ಕರೆಯುವ ಅಳತೆ ಒಂದು, ಅದರ ಹೊರಮೈ ಅಳತೆ ಇನ್ನೊಂದು. ಅರ್ಧ ಇಂಚಿನದು ಎಂದು ಕೊಡುವ ಪೈಪಿನ ಹೊರ ವ್ಯಾಸ ಸುಮಾರು 21.3 ಮಿ.ಮೀ., ಮುಕ್ಕಾಲು ಇಂಚಿನದು 26.9, ಒಂದು ಇಂಚಿನದು 33.7, ಒಂದೂವರೆ ಇಂಚಿನದು 48.3. ಮನೆ ಬಳಕೆಯ ಪ್ಲೇಟುಗಳ ತೂತು ಸಾಮಾನ್ಯವಾಗಿ 26ರಿಂದ 30 ಮಿ.ಮೀ. ಒಳಗಿರುತ್ತದೆ, ಜಿಮ್‌ಗಳ ಒಲಿಂಪಿಕ್ ಪ್ಲೇಟಿನದು 50ಕ್ಕೆ ತುಸು ಹೆಚ್ಚು. 'ಒಂದು ಇಂಚಿನ ತೂತು' ಎಂದುಕೊಂಡು ಒಂದು ಇಂಚಿನ ಪೈಪ್ ತಂದು, ತೂರದೆ ವಾಪಸ್ ಕೊಡಲು ಹೋದವರನ್ನು ನಾನು ಕಂಡಿದ್ದೇನೆ. ನಿಮಗೆ ಬೇಕಾದದ್ದು ಬಹುಪಾಲು ಮುಕ್ಕಾಲು ಇಂಚಿನದು. ಪ್ಲೇಟನ್ನೇ ಅಂಗಡಿಗೆ ಒಯ್ದು ತೂರಿಸಿ ನೋಡಿಯೇ ತನ್ನಿ.

ಆ ಪೈಪಿನಿಂದ ಗಿಡ್ಡ ಡಂಬೆಲ್ ಮಾಡಿಸಬಹುದು. 35ರಿಂದ 40 ಸೆಂ.ಮೀ. ಉದ್ದ ಕತ್ತರಿಸಿ, ಎರಡೂ ತುದಿಗೆ ತಿರುಪಿನ ಮರೆ (ಥ್ರೆಡ್) ಕೊರೆಸಿ, ಹೊರಗಡೆ ಕ್ಯಾಪ್ ತಿರುಗಿಸಿ. ಒಳಗಡೆ ಪ್ಲೇಟ್ ಕೈಗೆ ಜಾರಿಬರದಂತೆ ಸ್ಕ್ರೂ ಇರುವ ಹೋಸ್ ಕ್ಲಿಪ್ ಬಿಗಿಯಿರಿ. ಕ್ಯಾಪ್ ಪ್ಲೇಟಿನ ತೂತಿಗಿಂತ ಸ್ಪಷ್ಟವಾಗಿ ದೊಡ್ಡದಿರಬೇಕು, ಪ್ರತಿ ಸಲ ಎತ್ತಲು ಶುರು ಮಾಡುವ ಮುನ್ನ ಕೈಯಲ್ಲಿ ತಿರುಗಿಸಿ ನೋಡಬೇಕು. ತೂತು ಸಡಿಲವಿದ್ದರೆ ಪ್ಲೇಟ್ ಕೂರುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಸುತ್ತಿ. ಹಿಡಿಯುವ ಜಾಗಕ್ಕೆ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಗ್ರಿಪ್. ಒಂದು ಡಂಬೆಲ್ಲಿಗೆ 10 ಕಿಲೋ ಮೀರಬೇಡಿ.

ಐದಾರು ಅಡಿಯ ಪೈಪ್ ಮಾತ್ರ ಬೇಡವೇ ಬೇಡ. ಮತ್ತೆ ಅದೇ ದೂರದ ಲೆಕ್ಕ. ನಿಮ್ಮ ಕೈಯಿಂದ ಪ್ಲೇಟ್ ಎಷ್ಟು ಆಚೆ ತೂಗುತ್ತದೋ ಅಷ್ಟು ಬಲದಿಂದ ಅದು ಪೈಪನ್ನು ಬಗ್ಗಿಸುತ್ತದೆ. ಗಿಡ್ಡ ಡಂಬೆಲ್ಲಿನಲ್ಲಿ ಆ ದೂರ ಒಂದು ಗೇಣಿಗಿಂತ ಕಡಿಮೆ, ಉದ್ದದ ಪೈಪಿನಲ್ಲಿ ಅರ್ಧ ಮೀಟರ್ ಮೀರಬಹುದು. ನೀರು ಹರಿಸಲು ಮಾಡಿದ, ಎರಡೂವರೆ ಮಿ.ಮೀ. ಆಸುಪಾಸಿನ ಗೋಡೆಯ ಪೈಪ್ ಅದು. ಒಮ್ಮೆ ಬಗ್ಗಿದರೆ ಮತ್ತೆ ನೆಟ್ಟಗಾಗದು, ಹೆಗಲ ಮೇಲಿದ್ದಾಗ ಬಗ್ಗಿದರೆ ಪ್ಲೇಟುಗಳು ಒಂದು ಕಡೆಗೆ ಜಾರುತ್ತವೆ. ಪಿವಿಸಿ ಪೈಪಿನ ಮಾತಂತೂ ಎತ್ತಲೇಬೇಡಿ. ಆರು ತಿಂಗಳ ಮೇಲೆ ಉದ್ದದ ರಾಡ್ ಬೇಕೆನಿಸಿದರೆ ಗಟ್ಟಿ ಉಕ್ಕಿನ, ಅದಕ್ಕೆಂದೇ ಮಾಡಿದ ರಾಡನ್ನೇ ತೆಗೆದುಕೊಳ್ಳಿ.

ವಾರಕ್ಕೆ ಎಷ್ಟು ದಿನ? ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನೀವೂ ಎರಡರಿಂದ ಶುರು ಮಾಡಿ, ದಿನಕ್ಕೆ ಅರ್ಧ ಗಂಟೆ ಸಾಕು. ಕಡಿಮೆ ಭಾರದಿಂದ ಸ್ನಾಯು ಬೆಳೆಯುವುದಿಲ್ಲ ಎಂಬುದು ಹಳೆಯ ನಂಬಿಕೆ. ಹಗುರ ಭಾರವನ್ನೇ ಇನ್ನು ಆಗದು ಎನ್ನುವ ಹತ್ತಿರದವರೆಗೆ ಎತ್ತಿದರೆ ಸ್ನಾಯು ಹೆಚ್ಚೂಕಮ್ಮಿ ಅಷ್ಟೇ ಬೆಳೆಯುತ್ತದೆ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಗರಿಷ್ಠ ಬಲ ಬೇಕೆನ್ನುವವರಿಗೆ ಮಾತ್ರ ದೊಡ್ಡ ಭಾರವೇ ಮೇಲು. ಇನ್ನೆರಡು ಮೂರು ಸಲ ಆಗಬಹುದು ಅನ್ನಿಸಿದಾಗ ನಿಲ್ಲಿಸಿ. ಅದು ಎಂಟಕ್ಕೆ ಬಂದರೂ ಸರಿ, ಇಪ್ಪತ್ತೆರಡಕ್ಕೆ ಬಂದರೂ ಸರಿ.

ಭಾರ ಏರಿಸುವುದೇ ಮನೆ ವ್ಯಾಯಾಮದ ಕಷ್ಟದ ತಿರುವು. ಎರಡೂವರೆಯಿಂದ ಐದಕ್ಕೆ ಹೋದರೆ ಅದು ಎರಡು ಪಟ್ಟು, ಯಾವ ಭುಜವೂ ಒಂದು ವಾರದಲ್ಲಿ ಎರಡು ಪಟ್ಟು ಬಲಿಯುವುದಿಲ್ಲ. ನಡುವೆ ಮೆಟ್ಟಿಲು ಕಟ್ಟಿಕೊಳ್ಳಿ. ಎಣಿಕೆ ಹೆಚ್ಚಿಸಿ. ಅದು ಇಪ್ಪತ್ತೈದು ದಾಟಿತೆಂದರೆ ಇಳಿಸುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಸಿ. ಆಮೇಲೆ ಭಾರವನ್ನು ಇನ್ನಷ್ಟು ದೂರ ಹಿಡಿಯಿರಿ, ಇಲ್ಲವೇ ಎರಡು ಕಾಲಿನದನ್ನು ಒಂಟಿ ಕಾಲಿಗೆ ತನ್ನಿ. ಬ್ಯಾಗ್ ಬಳಸುವ ವ್ಯಾಯಾಮಗಳಲ್ಲಿ ಇದು ಇನ್ನೂ ಸುಲಭ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕಿಲೋ, ಅರ್ಧ ತುಂಬಿಸಿದರೆ ಅರ್ಧ ಕಿಲೋ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾರೀಖು, ಭಾರ, ಎಣಿಕೆ ಬರೆಯುತ್ತಾ ಹೋಗಿ.

ಬಾಡಿಗೆ ಮನೆ, ಮೊದಲ ಮಹಡಿ ಎಂದಿದ್ದೀರಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಪ್ಲೇಟಿನ ಮೈ ಬಿದ್ದರೆ ತಡೆದುಕೊಳ್ಳಬಹುದು, ಅಂಚು ಬಿದ್ದರೆ ಎರಡೂವರೆ ಕಿಲೋ ಸಾಕು ಬಿರುಕು ಬಿಡಲು. ನಾಲ್ಕು ಮಡಿಕೆಯ ಗೋಣಿಚೀಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಕೆಳಗಿನ ಮನೆಯವರ ಮಧ್ಯಾಹ್ನದ ನಿದ್ದೆಗೂ ಅದು ಒಳ್ಳೆಯದು.

ಗರ್ಭಕೋಶದ ಮಾತನ್ನು ಅತ್ತೆ ಸುಮ್ಮನೆ ಹೇಳಿರಲಾರರು. ಹೆರಿಗೆಯಾದ ಕೆಲವೇ ದಿನಕ್ಕೆ ನೀರು ಹೊರಲು, ಹೊಲಕ್ಕೆ ಹೋಗಲು ನಿಂತ ಹೆಂಗಸರನ್ನು ಅವರ ತಲೆಮಾರು ಕಂಡಿದೆ. ಹೆರಿಗೆಗಳು, ವಯಸ್ಸು, ಬಹುಕಾಲದ ಕೆಮ್ಮು, ಮಲಬದ್ಧತೆ, ಬೊಜ್ಜು ಇವುಗಳ ಜೊತೆಗೆ ವರ್ಷಗಟ್ಟಲೆ ಮುಕ್ಕಿ ಭಾರ ಎತ್ತುವುದೂ ಗರ್ಭಕೋಶ ಜಾರುವ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಸೇರಿದೆ. ಆದರೆ ನೀವು ಈಗಲೂ ಭಾರ ಎತ್ತುತ್ತಲೇ ಇದ್ದೀರಿ. 20 ಲೀಟರಿನ ನೀರಿನ ಕ್ಯಾನ್ ಎಂದರೆ 20 ಕಿಲೋ. 14.2 ಕಿಲೋ ಅನಿಲ ತುಂಬಿದ ಸಿಲಿಂಡರ್ ಒಟ್ಟು 30 ಕಿಲೋದ ಆಸುಪಾಸು ತೂಗುತ್ತದೆ. ಅಭ್ಯಾಸವಿಲ್ಲದ ಮೈಯಿಂದ, ಉಸಿರು ಬಿಗಿಹಿಡಿದು ಅವನ್ನು ಎತ್ತುವುದಕ್ಕಿಂತ 5 ಕಿಲೋದಿಂದ ಮೆಲ್ಲಗೆ ಬಲ ಕೂಡಿಸಿಕೊಳ್ಳುವುದು ಎಷ್ಟೋ ಸುರಕ್ಷಿತ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಎತ್ತುವ ಕ್ಷಣಕ್ಕೆ ತುಸು ಮುಂಚೆ ಮೇಲಕ್ಕೆ ಸೆಳೆದುಕೊಳ್ಳಿ. ಕೆಳಗೆ ಏನೋ ಭಾರವಾಗಿ ತೂಗಿದಂತೆ ಅನಿಸುವುದು, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು ಇದ್ದರೆ ಮೊದಲು ಸ್ತ್ರೀರೋಗ ತಜ್ಞರ ಬಳಿ ಹೋಗಿ, ಪ್ಲೇಟುಗಳು ಕಾಯಲಿ. ಹತೋಟಿಗೆ ಬಾರದ ಬಿಪಿ, ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಆದ ತೊಂದರೆ, ಹರ್ನಿಯಾ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇನ್ನು ಅತ್ತೆಯವರು. 68 ತಡವೇನಲ್ಲ, ಆ ವಯಸ್ಸಿನಲ್ಲೂ ಸ್ನಾಯು ಬಲಿಯುತ್ತದೆ. ಬಿಪಿ, ಮೂಳೆ ಸವೆತ ಏನಿದೆ ಎಂದು ಒಮ್ಮೆ ವೈದ್ಯರಲ್ಲಿ ತೋರಿಸಿ. ಮೊದಲ ತಿಂಗಳು ಅವರ ಕೈಗೆ ಪ್ಲೇಟ್ ಕೊಡಬೇಡಿ. ಗೋಡೆಗೆ ತಾಗಿಸಿದ, ತೋಳಿರುವ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನಕ್ಕೆ ಕೂರುವುದು, ಐದು ಸಲ. ದಿನ ಬಿಟ್ಟು ದಿನ. ಕೈ ಊರದೆ ಆಗದಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ, ವಾರ ಕಳೆದಂತೆ ದಿಂಬು ತೆಗೆಯಿರಿ. ಸಲೀಸಾಗಿ ಹತ್ತು ಸಲ ಎದ್ದು ಕೂತ ದಿನ ಎರಡೂವರೆ ಕಿಲೋ ಪ್ಲೇಟನ್ನು ಒಂದು ಟವೆಲಿನಲ್ಲಿ ಸುತ್ತಿ, ಎಳೆಗೂಸನ್ನು ಕೊಡುವ ಹಾಗೆ ಅವರ ಎದೆಗೆ ಕೊಡಿ. ಪಕ್ಕದಲ್ಲಿ ನೀವು 5 ಕಿಲೋ ಹಿಡಿದು ಸ್ಟೂಲಿನ ಮೇಲೆ ಕೂತೇಳುತ್ತಿರಿ. ಎಣಿಕೆಯನ್ನು ಅವರೇ ಗಟ್ಟಿಯಾಗಿ ಹೇಳಲಿ. ಎಣಿಸುತ್ತಿರುವವರು ಉಸಿರು ಬಿಗಿಹಿಡಿಯಲು ಆಗುವುದಿಲ್ಲ.